ಪೈಪಿನ ಸಂದಿಯಲ್ಲಿ ಅರಳಿ, ಸೋಫಾ ಪಕ್ಕ ರಬ್ಬರ್ ಗಿಡ: ಮುಂಬೈಯ ಆಲದ ಬಳಗ

ಮೇ ತಿಂಗಳು ಬಂತೆಂದರೆ ಮುಂಬೈಯ ಹೌಸಿಂಗ್ ಸೊಸೈಟಿಗಳಲ್ಲಿ ಮರದ ಮಾತು ಶುರುವಾಗುತ್ತದೆ. ಮಳೆ ಹಿಡಿಯುವ ಮುಂಚೆ ಕೊಂಬೆ ಕಡಿಸಬೇಕು. ಕಾಂಪೌಂಡಿನ ಆಲ ವಾಲಿದೆಯಾ ನೋಡಿಸಬೇಕು. ನಾಲ್ಕನೇ ಮಾಳಿಗೆಯ ಬಾತ್‌ರೂಮ್ ಪೈಪಿನ ಪಕ್ಕ ಹುಟ್ಟಿದ ಅರಳಿ ಗಿಡಕ್ಕೆ ಏನಾದರೂ ಮಾಡಬೇಕು. ಕೀಳೋದು ಬೇಡ, ಪಾಪ ಅನ್ನುವವರು ಒಬ್ಬರು. ಕೀಳದಿದ್ದರೆ ಗೋಡೆ ಬೀಳುತ್ತದೆ ಅನ್ನುವವರು ಇನ್ನೊಬ್ಬರು. ಮಾಟುಂಗಾ, ಘಾಟ್ಕೋಪರ್, ಡೊಂಬಿವಲಿ, ಎಲ್ಲಿ ಹೋದರೂ ಇದೇ ಜಗಳ. ತಮಾಷೆ ಏನೆಂದರೆ, ಆ ಮೀಟಿಂಗಿಗೆ ಬಂದ ಎಷ್ಟೋ ಜನರ ಮನೆಯಲ್ಲಿ ಅದೇ ಬಳಗದ ಇನ್ನೊಂದು ಗಿಡ ಚೆಂದದ ಕುಂಡದಲ್ಲಿ ಕೂತಿರುತ್ತದೆ. ನರ್ಸರಿಯವನು ಅದನ್ನು ‘ಫೈಕಸ್’ ಅಂತ ಹೇಳಿ ಮಾರಿರುತ್ತಾನೆ.

ಗೋಡೆ ಬಿರಿಯುವ ಅರಳಿ, ರಸ್ತೆಗೆ ನೆರಳು ಕೊಡುವ ಆಲ, ಹಾಲ್‌ನಲ್ಲಿ ಎಲೆ ಉದುರಿಸಿಕೊಂಡು ನಿಂತ ಕುಂಡದ ಗಿಡ, ಇವೆಲ್ಲ ಒಂದೇ ಸ್ವಭಾವದ ಮರಗಳು. ಆ ಸ್ವಭಾವ ಇರುವುದು ಬೇರಿನಲ್ಲಿ. ಬೇರು ಏನು ಹುಡುಕುತ್ತದೆ ಅಂತ ಗೊತ್ತಾದರೆ ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಅನ್ನೋದರಲ್ಲಿ ಅರ್ಧ ಗೊಂದಲ ಕಳೆಯುತ್ತದೆ.

ಬಳಗದಲ್ಲಿ ಯಾರ್ಯಾರಿದ್ದಾರೆ?

ಫೈಕಸ್ ಅನ್ನೋದು ಒಂದು ಮರದ ಹೆಸರಲ್ಲ, ಒಂದು ಕುಲದ ಹೆಸರು. ಹತ್ತಿರದ ಸಂಬಂಧ ಇರುವ ಜಾತಿಗಳನ್ನು ಒಟ್ಟಿಗೆ ಸೇರಿಸಿ ಸಸ್ಯಶಾಸ್ತ್ರದವರು ಕುಲ ಅನ್ನುತ್ತಾರೆ. ಈ ಕುಲದಲ್ಲಿ ಜಗತ್ತಿನಾದ್ಯಂತ ಸುಮಾರು 800 ಜಾತಿಗಳಿವೆ. ಹಲಸು, ಹಿಪ್ಪುನೇರಳೆ ಇದರ ದಾಯಾದಿಗಳು.

ನಮಗೆ ಗೊತ್ತಿರುವವು ಆಲ, ಅರಳಿ, ಅತ್ತಿ, ಬಸರಿ, ಗೋಣಿ ಮರ, ತಿನ್ನುವ ಅಂಜೂರ. ಕರಾವಳಿಯಿಂದ ಬಂದವರು ಆಲಕ್ಕೆ ಗೋಳಿ ಅನ್ನುತ್ತಾರೆ. ಮುಂಬೈಯಲ್ಲಿ ಇರುವವರು ಮರಾಠಿ ಹೆಸರನ್ನೂ ತಿಳಿದಿರುವುದು ಒಳ್ಳೆಯದು, ಯಾಕೆಂದರೆ ವಾರ್ಡ್ ಆಫೀಸಿಗೆ ಅರ್ಜಿ ಕೊಡುವಾಗ ಬೇಕಾಗುತ್ತದೆ. ಆಲ ಅಂದರೆ ವಡ. ಅರಳಿ ಅಂದರೆ ಪಿಂಪಳ. ಅತ್ತಿ ಅಂದರೆ ಉಂಬರ. ಸಣ್ಣ, ದಪ್ಪ, ಹೊಳೆಯುವ ಎಲೆಯ ಇನ್ನೊಂದು ಮರ ಇದೆ, ಅದು ನಾಂದ್ರುಕ. ಬೋನ್ಸಾಯ್ ಅಂತ ತಟ್ಟೆಯಲ್ಲಿ ಇಟ್ಟು ಮಾರುವ ದಪ್ಪ ಬೇರಿನ ಗಿಡ ಹೆಚ್ಚಾಗಿ ಇದೇ.

ಮನೆಯೊಳಗೆ ಬಂದವರಲ್ಲಿ ಮುಖ್ಯವಾದವು ಮೂರು. ಅಗಲವಾದ, ಚರ್ಮದಂಥ ಎಲೆಯ ರಬ್ಬರ್ ಗಿಡ. ಸಣ್ಣ ಎಲೆಯ, ಕೊಂಬೆ ಜೋತುಬೀಳುವ ಬೆಂಜಮಿನಾ. ಪಿಟೀಲಿನ ಆಕಾರದ ದೊಡ್ಡ ಎಲೆಯ ಫಿಡಲ್ ಲೀಫ್. ಮೊದಲಿನದು ನಮ್ಮ ಈಶಾನ್ಯ ರಾಜ್ಯಗಳದ್ದು, ಕೊನೆಯದು ಪಶ್ಚಿಮ ಆಫ್ರಿಕದ್ದು.

ಯಾವುದೋ ಗಿಡ ಈ ಬಳಗದ್ದು ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ಎರಡು ಗುರುತು ನೋಡಿ. ಎಲೆ ಕಿತ್ತರೆ ಬಿಳಿ ಹಾಲು ಬರಬೇಕು. ಜತೆಗೆ ಕೊಂಬೆಯ ತುದಿಯಲ್ಲಿ ಹೊಸ ಎಲೆಯನ್ನು ಮುಚ್ಚಿಕೊಂಡ ಚೂಪಾದ ಪೊರೆ ಇರಬೇಕು. ರಬ್ಬರ್ ಗಿಡದಲ್ಲಿ ಅದು ಕೆಂಪಗೆ ಎದ್ದು ಕಾಣುತ್ತದೆ. ಎಲೆ ಬಿಚ್ಚಿದ ಮೇಲೆ ಪೊರೆ ಉದುರಿ, ಕೊಂಬೆಯ ಸುತ್ತ ಉಂಗುರದಂಥ ಗೆರೆ ಉಳಿಯುತ್ತದೆ. ಹಾಲು ಬೇರೆ ಎಷ್ಟೋ ಗಿಡಗಳಲ್ಲೂ ಬರುತ್ತದೆ. ಹಾಲು, ಉಂಗುರ ಎರಡೂ ಇದ್ದರೆ ಹೆಚ್ಚಾಗಿ ಫೈಕಸ್ ಆಗಿರುತ್ತದೆ.

ಹೂವು ಎಲ್ಲಿ ಹೋಯಿತು?

ಆಲದ ಹೂವನ್ನು ಯಾರಾದರೂ ನೋಡಿದ್ದೀರಾ? ನೋಡಿರಲ್ಲ, ಯಾಕೆಂದರೆ ಅದು ಹಣ್ಣಿನ ಒಳಗೆ ಇರುತ್ತದೆ. ನಾವು ಹಣ್ಣು ಅಂತ ಕರೆಯುವುದು ನಿಜಕ್ಕೂ ಒಂದು ಹೂಗೊಂಚಲು. ಮೋದಕ ಮಾಡುವಾಗ ಹಿಟ್ಟಿನ ಹಾಳೆಯ ಅಂಚನ್ನು ಮೇಲಕ್ಕೆ ಎತ್ತಿ, ಹೂರಣ ಒಳಗೆ ಹೋಗುವ ಹಾಗೆ ಬಾಯಿ ಕೂಡಿಸುತ್ತಾರಲ್ಲ, ಅದೇ ರೀತಿ. ನೂರಾರು ಪುಟ್ಟ ಹೂವುಗಳು ಒಳಗೋಡೆಗೆ ಅಂಟಿಕೊಂಡಿರುತ್ತವೆ. ತುದಿಯಲ್ಲಿ ಸೂಜಿಮೊನೆಯಷ್ಟು ದಾರಿ ಉಳಿದಿರುತ್ತದೆ.

ಆ ದಾರಿಯಲ್ಲಿ ಗಾಳಿ ಹೋಗಲ್ಲ, ಜೇನುಹುಳ ಹೋಗಲ್ಲ. ಹೋಗುವುದು ಒಂದೆರಡು ಮಿಲಿಮೀಟರ್ ಉದ್ದದ ಒಂದು ಕಣಜ ಮಾತ್ರ. ಹೆಣ್ಣು ಕಣಜ ತೂರಿಕೊಂಡು ಒಳಗೆ ಹೋಗುವಾಗ ರೆಕ್ಕೆ ಕಿತ್ತುಹೋಗುತ್ತದೆ. ತಾನು ಹುಟ್ಟಿದ ಹಣ್ಣಿನಿಂದ ತಂದ ಪರಾಗವನ್ನು ಹೂವುಗಳಿಗೆ ಹಚ್ಚುತ್ತದೆ, ಕೆಲವು ಹೂವುಗಳಲ್ಲಿ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ. ಮೊಟ್ಟೆ ಇಟ್ಟ ಹೂವಿನಲ್ಲಿ ಮರಿ ಬೆಳೆಯುತ್ತದೆ, ಉಳಿದ ಹೂವಿನಲ್ಲಿ ಬೀಜ ಕಟ್ಟುತ್ತದೆ. ಕೆಲವು ವಾರ ಕಳೆದ ಮೇಲೆ ರೆಕ್ಕೆಯೇ ಇಲ್ಲದ ಗಂಡು ಕಣಜಗಳು ಮೊದಲು ಹೊರಬರುತ್ತವೆ, ಹೆಣ್ಣುಗಳ ಜತೆ ಕೂಡುತ್ತವೆ, ಹಣ್ಣಿನ ಗೋಡೆಗೆ ಕನ್ನ ಕೊರೆಯುತ್ತವೆ. ಆ ಕನ್ನದಿಂದ ಹೆಣ್ಣುಗಳು ಪರಾಗ ಹೊತ್ತು ಹಾರಿಹೋಗುತ್ತವೆ.

ಅತ್ತಿಹಣ್ಣು ಹೊರಗೆ ಕೆಂಪು, ಒಳಗೆ ಹುಳ ಅಂತ ನಮ್ಮಲ್ಲಿ ಹಂಗಿಸುವ ಮಾತಿದೆ. ಪಾಪ, ಆ ಹುಳ ಇಲ್ಲದಿದ್ದರೆ ಅತ್ತಿ ಮರವೇ ಇರುತ್ತಿರಲಿಲ್ಲ. ಕಾಂಡಕ್ಕೇ ಅಂಟಿಕೊಂಡು ಗೊಂಚಲಾಗಿ ಬಿಡುವ ಅತ್ತಿಹಣ್ಣು ಕೆಳಗೆ ಬಿದ್ದಿದ್ದರೆ ಒಂದನ್ನು ಎರಡು ಹೋಳು ಮಾಡಿ ನೋಡಿ. ಗುಲಾಬಿ ಬಣ್ಣದ ಒಳಗೋಡೆ, ಅದರ ತುಂಬ ಮರಳಿನ ಹರಳಿನಂಥ ಬೀಜ. ನಡುವಿನ ಪೊಳ್ಳಿನಲ್ಲಿ ಕಪ್ಪು ಚುಕ್ಕೆಗಳು ಓಡಾಡುತ್ತಿರುತ್ತವೆ. ಬೆಳಕು ಬಿದ್ದ ತಕ್ಷಣ ಒಂದೊಂದೇ ಅಂಚಿಗೆ ಬಂದು, ರೆಕ್ಕೆ ಒಮ್ಮೆ ಒರೆಸಿಕೊಂಡು ಎದ್ದು ಹೋಗುತ್ತವೆ.

ಹಾಗಾದರೆ ನಾವು ತಿನ್ನುವ ಅಂಜೂರದಲ್ಲೂ ಹುಳ ಇದೆಯಾ ಅಂತ ಸಸ್ಯಾಹಾರಿಗಳು ಕೇಳುತ್ತಾರೆ. ಪುಣೆ ಪಕ್ಕದ ಪುರಂದರ ತಾಲೂಕಿನಿಂದ ಮುಂಬೈಗೆ ಬರುವ ಅಂಜೂರ ಕಣಜದ ಸಹಾಯವಿಲ್ಲದೆಯೇ ಹಣ್ಣಾಗುವ ತಳಿ. ಅದರ ಮಟ್ಟಿಗೆ ಚಿಂತೆ ಬೇಡ.

ಬಹುಪಾಲು ಫೈಕಸ್ ಜಾತಿಗಳಿಗೆ ತನ್ನದೇ ಆದ ಕಣಜ ಇದೆ. ಆಲದ ಕಣಜ ಅರಳಿಗೆ ಬರೋದಿಲ್ಲ. ಹೊರಗೆ ಬಂದ ಹೆಣ್ಣು ಕಣಜದ ಆಯಸ್ಸು ಒಂದೆರಡು ದಿನ. ಅಷ್ಟರೊಳಗೆ ಅದೇ ಜಾತಿಯ, ಸರಿಯಾದ ಹಂತದ ಕಾಯಿ ಬಿಟ್ಟ ಇನ್ನೊಂದು ಮರ ಸಿಗಬೇಕು. ಹಾಗಾಗಿ ಒಂದು ಮರದ ಕಾಯಿಗಳೆಲ್ಲ ಹೆಚ್ಚು ಕಡಿಮೆ ಒಟ್ಟಿಗೆ ಮಾಗುತ್ತವೆ. ಆದರೆ ಎರಡು ಬೀದಿ ಆಚೆಯ ಮರದ ಸರದಿ ಬೇರೆ ತಿಂಗಳು. ಇದರ ಲಾಭ ಹಕ್ಕಿಗಳಿಗೆ. ಮಾವು, ನೇರಳೆ ವರ್ಷಕ್ಕೊಮ್ಮೆ ಬಂದು ಮುಗಿಯುತ್ತವೆ. ಆಲದ ಬಳಗದಲ್ಲಿ ಮಾತ್ರ ಊರಿನ ಯಾವುದೋ ಮೂಲೆಯ ಯಾವುದೋ ಮರದಲ್ಲಿ ವರ್ಷವಿಡೀ ಹಣ್ಣಿರುತ್ತದೆ. ಕೋಗಿಲೆ, ಮೈನಾ, ಪಿಕಳಾರ, ಬಾವಲಿ ಎಲ್ಲ ಇದನ್ನೇ ನಂಬಿಕೊಂಡಿರುತ್ತವೆ. ಮಹಾರಾಷ್ಟ್ರದ ರಾಜ್ಯಪಕ್ಷಿ ಹಳದಿ ಕಾಲಿನ ಹಸಿರು ಪಾರಿವಾಳಕ್ಕಂತೂ ಆಲ, ಅರಳಿಯ ಹಣ್ಣೆಂದರೆ ಪ್ರಾಣ. ಎಲೆಯ ಬಣ್ಣದಲ್ಲೇ ಬೆರೆತುಹೋಗುವುದರಿಂದ ಮರದ ತುಂಬ ಕೂತಿದ್ದರೂ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಮಣ್ಣಿಲ್ಲದೆ ಹುಟ್ಟುವುದು ಹೇಗೆ?

ಅಪ್ಪ ನೆಟ್ಟ ಆಲದ ಮರ ಅಂತ ಗಾದೆ ಇದೆ. ಮುಂಬೈಯ ಎಷ್ಟೋ ಆಲ, ಅರಳಿಗಳನ್ನು ಅಪ್ಪನೂ ನೆಟ್ಟಿಲ್ಲ, ಅಜ್ಜನೂ ನೆಟ್ಟಿಲ್ಲ. ನೆಟ್ಟದ್ದು ಕಾಗೆ.

ಹಕ್ಕಿ ಹಣ್ಣು ತಿಂದು ಎಲ್ಲೋ ಕೂತು ಹಿಕ್ಕೆ ಹಾಕುತ್ತದೆ. ಸಾಸಿವೆಗಿಂತ ಸಣ್ಣ ಬೀಜ ಅದರ ಜತೆ ಬೀಳುತ್ತದೆ. ಕಾಡಿನಲ್ಲಾದರೆ ಅದು ಬೀಳುವುದು ಈಚಲು, ತಾಳೆ ಅಥವಾ ಬೇರೆ ಮರದ ಕವಲಿನಲ್ಲಿ. ನೆಲದ ಮೇಲೆ ಮೊಳೆತರೆ ನೆರಳಿನಲ್ಲಿ ಸಾಯಬೇಕು, ಮೇಲೆ ಮೊಳೆತರೆ ಬಿಸಿಲು ಸಿಗುತ್ತದೆ. ಆದರೆ ಮೇಲೆ ಮಣ್ಣಿಲ್ಲ, ನೀರಿಲ್ಲ. ಹಾಗಾಗಿ ಈ ಬಳಗ ಒಂದು ಉಪಾಯ ಕಲಿತಿದೆ. ಚಿಟಿಕೆ ಧೂಳು, ಸ್ವಲ್ಪ ತೇವ ಇದ್ದರೆ ಸಾಕು, ಬದುಕುತ್ತದೆ. ಮೇಲೆ ಎಲೆ ನಿಧಾನಕ್ಕೆ ಬೆಳೆಯುತ್ತದೆ, ಅಷ್ಟರಲ್ಲಿ ಬೇರು ಉದ್ದಕ್ಕೆ ಓಡುತ್ತದೆ. ತೊಗಟೆ ಹಿಡಿದುಕೊಂಡು, ಸಂದಿ ಹಿಡಿದುಕೊಂಡು ನೆಲದ ಕಡೆ ಇಳಿಯುತ್ತದೆ. ನೆಲ ಮುಟ್ಟಿದ ದಿನದಿಂದ ಗಿಡದ ವೇಗವೇ ಬೇರೆ. ಬೇರುಗಳು ದಪ್ಪವಾಗಿ ಒಂದಕ್ಕೊಂದು ಕೂಡಿಕೊಂಡು ಬಲೆಯಾಗುತ್ತವೆ. ಆಶ್ರಯ ಕೊಟ್ಟ ಮರ ಎಷ್ಟೋ ಸಲ ಅದರ ಒಳಗೇ ಸಾಯುತ್ತದೆ.

ಮುಂಬೈಯಲ್ಲಿ ಆ ಕೆಲಸಕ್ಕೆ ಮರವೇ ಬೇಕಾಗಿಲ್ಲ. ಕಟ್ಟಡದ ಸಜ್ಜಾ, ನೀರಿನ ಟ್ಯಾಂಕಿನ ಮೂಲೆ, ಫ್ಲೈಓವರ್‌ನ ಸಂದಿ, ಎಲ್ಲವೂ ಕವಲಿನ ಹಾಗೇ ಕಾಣುತ್ತವೆ. ಮಳೆಗಾಲದ ನಾಲ್ಕು ತಿಂಗಳಲ್ಲಿ 2,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರಿದು. ಉಳಿದ ಎಂಟು ತಿಂಗಳು ಸೋರುವ ಪೈಪು ನೋಡಿಕೊಳ್ಳುತ್ತದೆ.

ವಸಯಿ ಕೋಟೆಗೆ ಹೋದವರು ಇದರ ಮುಂದಿನ ಕಥೆ ನೋಡಿರುತ್ತಾರೆ. ಮರಾಠರು 1739ರಲ್ಲಿ ಪೋರ್ಚುಗೀಸರಿಂದ ಗೆದ್ದ ಕೋಟೆ ಅದು. ಪಾಳುಬಿದ್ದ ಗೋಡೆಗಳ ಮೇಲೆ ಬೇರು ಇಳಿದು ಹೆಣೆದುಕೊಂಡಿದೆ. ಕಲ್ಲನ್ನು ಸಡಿಲ ಮಾಡಿದ್ದೂ ಬೇರು, ಸಡಿಲವಾದ ಕಲ್ಲು ಬೀಳದ ಹಾಗೆ ಹಿಡಿದುಕೊಂಡಿರುವುದೂ ಬೇರೇ. ಅಂಥ ಕಡೆ ಸುಮ್ನೆ ಮರ ಕಡಿದುಬಿಟ್ಟರೆ, ಬೇರು ಕೊಳೆತ ಮೇಲೆ ಗೋಡೆಯೂ ಕುಸಿಯಬಹುದು.

ಗೋಡೆ ಒಡೆಯುವುದು ಬೇರಾ, ನೀರಾ?

ಬೇರಿನ ತುದಿ ಕೂದಲಿನಷ್ಟು ತೆಳ್ಳಗಿರುತ್ತದೆ. ಗಟ್ಟಿ ಕಾಂಕ್ರೀಟನ್ನು ಅದು ಕೊರೆಯಲಾರದು. ಮೊದಲೇ ಇದ್ದ ಬಿರುಕಿಗೆ ನುಗ್ಗುತ್ತದೆ, ಆಮೇಲೆ ವರ್ಷ ವರ್ಷ ದಪ್ಪವಾಗುತ್ತ ಬಿರುಕನ್ನು ಅಗಲ ಮಾಡುತ್ತದೆ. ಬಿರುಕು ಅಗಲವಾದರೆ ಮಳೆನೀರು ಒಳಗೆ ಹೋಗುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸಲಾಕೆಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಜಾಸ್ತಿ ಜಾಗ ತಗೊಳ್ಳುತ್ತದೆ, ಹಾಗಾಗಿ ಕಾಂಕ್ರೀಟನ್ನು ಒಳಗಿನಿಂದ ತಳ್ಳುತ್ತದೆ. ಸೀಲಿಂಗಿನಿಂದ ಚಕ್ಕೆ ಉದುರುವುದು ಇದರಿಂದಲೇ.

ಅಂದರೆ ಗೋಡೆಯ ಮೇಲೆ ಅರಳಿ ಕಂಡರೆ ಅಲ್ಲಿ ತೇವ ಇದೆ, ಬಿರುಕು ಇದೆ ಅಂತ ಅರ್ಥ. ಗಿಡ ಬರುವ ಮೊದಲೇ ಅವೆರಡೂ ಇದ್ದವು. ಗಿಡ ಮಾತ್ರ ಕಿತ್ತು ಪೈಪ್ ರಿಪೇರಿ ಮಾಡಿಸದೆ ಬಿಟ್ಟರೆ ಮುಂದಿನ ಮಳೆಗೆ ಅಲ್ಲೇ ಇನ್ನೊಂದು ಹುಟ್ಟುತ್ತದೆ. ಸೊಸೈಟಿಗಳಲ್ಲಿ ಈ ಖರ್ಚು ಮುಂದೂಡುವುದೇ ಜಾಸ್ತಿ. ಗಿಡ ಕೀಳುವವನಿಗೆ ಕೊಡುವ ದುಡ್ಡು ಕಡಿಮೆ, ಅಟ್ಟಣಿಗೆ (ಪರಾಂಚಿ) ಕಟ್ಟಿ ಪೈಪ್ ಬದಲಿಸುವವನಿಗೆ ಕೊಡುವುದು ದೊಡ್ಡ ಮೊತ್ತ, ಅಲ್ವಾ?

ಗಿಡ ಅಂಗೈ ಉದ್ದ ಇರುವಾಗ ಕೆಲಸ ಸುಲಭ. ಮಳೆ ಬಿದ್ದು ಸಂದಿ ಮೆತ್ತಗಾದಾಗ ಬೇರು ಸಮೇತ ಎಳೆದರೆ ಬರುತ್ತದೆ. ಹಾಗೆ ಬೇರಿನ ಸಮೇತ ಬಂದದ್ದನ್ನು ಮಣ್ಣಿಗೆ ನೆಟ್ಟರೆ ಬದುಕುತ್ತದೆ ಕೂಡ. ಪಾಪದ ಚಿಂತೆ ಇರುವವರಿಗೆ ಇದು ಒಳ್ಳೆಯ ದಾರಿ. ಕೆಲವರು ಕುಂಡದಲ್ಲಿ ಸಾಕಿ, ಊರಿಗೆ ಹೋಗುವಾಗ ಒಯ್ದು ತೋಟದ ಅಂಚಿನಲ್ಲಿ ನೆಡುತ್ತಾರೆ.

ಕಾಂಡ ಹೆಬ್ಬೆರಳು ದಪ್ಪ ಆಯಿತೆಂದರೆ ಕಥೆ ಬೇರೆ. ಗೋಡೆ ಮಟ್ಟಕ್ಕೆ ಕತ್ತರಿಸಿದರೆ ಒಳಗಿನ ಬೇರಿನಿಂದ ಒಂದಕ್ಕೆ ನಾಲ್ಕು ಚಿಗುರು ಬರುತ್ತದೆ. ಬೇರಿರುವ ಭಾಗದ ಗಾರೆ ಬಿಡಿಸಿ ಬೇರು ತೆಗೆದು ಮತ್ತೆ ಗಾರೆ ತುಂಬಬೇಕು. ಅದು ಆಗದಿದ್ದರೆ ಹಸಿ ಕಡಿತದ ಮೇಲೆ ಕಳೆನಾಶಕ ಹಚ್ಚಿಸಬೇಕು, ಅದನ್ನು ತಿಳಿದವರಿಂದಲೇ ಮಾಡಿಸಬೇಕು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿಯುವ ಅಭ್ಯಾಸ ಎಲ್ಲ ಕಡೆ ಇದೆ. ದಯವಿಟ್ಟು ಬೇಡ. ಆ್ಯಸಿಡ್ ಸಿಮೆಂಟನ್ನೂ ಒಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಗಿಡ ಮಾಡುವುದಕ್ಕಿಂತ ದೊಡ್ಡ ಹಾನಿ ಅದು.

ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಕಡ್ಡಾಯ. ಆಡಿಟ್ ಮಾಡುವ ಎಂಜಿನಿಯರ್‌ಗೆ ಗಿಡ ಎಲ್ಲೆಲ್ಲಿ ಹುಟ್ಟುತ್ತದೆ ಅಂತ ತೋರಿಸಿ. ಸೋರಿಕೆ ಹುಡುಕಲು ಅದಕ್ಕಿಂತ ಒಳ್ಳೆಯ ಸುಳಿವು ಇಲ್ಲ.

ರಸ್ತೆ ಬದಿಯ ಆಲ ಬೀಳುವುದು ಯಾಕೆ?

ಬೆಂಗಳೂರಿನ ಕೇತೋಹಳ್ಳಿಯ ದೊಡ್ಡ ಆಲದ ಮರ ಕನ್ನಡಿಗರಿಗೆಲ್ಲ ಗೊತ್ತು. ಸುಮಾರು ಮೂರು ಎಕರೆ ಹರಡಿದ ಆ ಮರದ ತಾಯಿಕಾಂಡ ಯಾವತ್ತೋ ರೋಗ ಬಂದು ಹೋಗಿದೆ. ಕೋಲ್ಕತ್ತ ಪಕ್ಕ ಹೌರಾದ ಸಸ್ಯೋದ್ಯಾನದ ಮಹಾ ಆಲದ್ದೂ ಇದೇ ಕಥೆ. ಶಿಲೀಂಧ್ರ ಹಿಡಿದ ತಾಯಿಕಾಂಡವನ್ನು 1925ರಲ್ಲಿ ಕಡಿದು ತೆಗೆದರು. ಮರ ಇನ್ನೂ ಬೆಳೆಯುತ್ತಲೇ ಇದೆ. ಕಾರಣ ಬಿಳಲು.

ಬಿಳಲು ಅಂದರೆ ಕೊಂಬೆಯಿಂದ ಕೆಳಗೆ ಇಳಿಯುವ ಬೇರು. ಗಾಳಿಯಲ್ಲಿ ನೇತಾಡುವಾಗ ಅದು ಹಗ್ಗದಷ್ಟು ತೆಳ್ಳಗೆ, ತುದಿಯಲ್ಲಿ ತಿಳಿ ಹಳದಿ. ನೆಲ ಮುಟ್ಟಿ ಬೇರು ಬಿಟ್ಟ ಮೇಲೆ ದಪ್ಪವಾಗಿ ಕಂಬ ಆಗುತ್ತದೆ. ಆಲದ ಕೊಂಬೆಗಳು ಅಡ್ಡಕ್ಕೆ ಬೆಳೆಯುತ್ತವೆ. ಅಷ್ಟು ಭಾರವನ್ನು ಒಂದೇ ಕಾಂಡ ಹೊರುವ ಲೆಕ್ಕದಲ್ಲಿ ಆ ಮರ ಹುಟ್ಟೇ ಇಲ್ಲ. ಕೊಂಬೆ ಮುಂದೆ ಹೋದ ಹಾಗೆಲ್ಲ ಕೆಳಗೆ ಕಂಬ ಕೊಡುತ್ತ ಹೋಗುತ್ತದೆ.

ಮುಂಬೈಯ ರಸ್ತೆಯಲ್ಲಿ ಬಿಳಲು ಬಸ್ಸಿಗೆ ತಾಗುತ್ತದೆ, ಫುಟ್‌ಪಾತಿನಲ್ಲಿ ನಡೆಯುವವರ ತಲೆಗೆ ತಾಗುತ್ತದೆ. ಹಾಗಾಗಿ ಕತ್ತರಿಸುತ್ತಾರೆ. ಕತ್ತರಿಸದಿದ್ದರೂ ಅದು ಇಳಿದು ಬೇರು ಬಿಡಲು ಕೆಳಗೆ ಮಣ್ಣೇ ಇಲ್ಲ, ಪೇವರ್ ಬ್ಲಾಕ್ ಇದೆ. ಇತ್ತೀಚಿನ ವರ್ಷಗಳಲ್ಲಿ ರಸ್ತೆಗಳನ್ನೆಲ್ಲ ಕಾಂಕ್ರೀಟ್ ಮಾಡುವ ಕೆಲಸ ಜೋರಾಗಿದೆ. ಅಗೆಯುವಾಗ ಬದಿಯ ಬೇರು ಕಡಿದುಹೋಗುತ್ತದೆ. ಆಮೇಲೆ ಬುಡದವರೆಗೂ ಸಿಮೆಂಟ್ ಹಾಕಿದರೆ ಉಳಿದ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಬೇರು ಉಸಿರಾಡಬೇಕು ಅನ್ನೋದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಅಂಥ ಮರ ಮೇಲೆ ಹಸಿರಾಗಿಯೇ ಇರುತ್ತದೆ, ಕೆಳಗೆ ಹಿಡಿತ ಇರುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಪಕ್ಕದಲ್ಲಿ ಹಾದುಹೋದಾಗ ಊರಲ್ಲಿ ನೂರಾರು ಮರ ಬಿದ್ದವು. ಬಿದ್ದ ಮರದ ಬುಡ ಕಂಡರೆ ಒಮ್ಮೆ ನೋಡಿ. ಬೇರು ಫುಟ್‌ಪಾತಿನ ಕಲ್ಲಿನ ಅಳತೆಗೆ ಚೌಕವಾಗಿ ಬೆಳೆದಿರುತ್ತದೆ.

ಸವರುವ ರೀತಿಯಿಂದಲೂ ತೊಂದರೆ ಆಗುತ್ತದೆ. ರಸ್ತೆ ಕಡೆಯ ಕೊಂಬೆ ಮಾತ್ರ ಕಡಿದು ಕಟ್ಟಡದ ಕಡೆಯದನ್ನು ಬಿಟ್ಟರೆ ಭಾರ ಒಂದೇ ಬದಿಗೆ ಹೋಗುತ್ತದೆ. ಒಳ್ಳೆಯ ಸವರುವಿಕೆ ಅಂದರೆ ಒಣಗಿದ್ದನ್ನು ತೆಗೆಯುವುದು, ಎರಡೂ ಕಡೆ ಸಮ ಮಾಡುವುದು, ಕೊಂಬೆಯನ್ನು ಬುಡದ ಉಬ್ಬಿನ ಹತ್ತಿರ ನೀಟಾಗಿ ಕತ್ತರಿಸುವುದು. ಬೋಳು ಮಾಡುವುದಲ್ಲ.

ಕಟ್ಟೆಯ ವಿಷಯಕ್ಕೆ ಬಂದರೆ, ಊರಿನ ಅಶ್ವತ್ಥಕಟ್ಟೆ ಅಗಲ ಇರುತ್ತಿತ್ತು, ಕಲ್ಲಿನ ನಡುವೆ ಮಣ್ಣಿರುತ್ತಿತ್ತು. ಇಲ್ಲಿ ಕಾಂಡಕ್ಕೆ ಅಂಟಿಕೊಂಡ ಹಾಗೆ ಸಿಮೆಂಟ್ ಹಾಕಿ ಟೈಲ್ಸ್ ಅಂಟಿಸುತ್ತಾರೆ. ಬುಡ ಮುಚ್ಚಿ, ತೇವ ನಿಂತು ಕಾಂಡ ಕೊಳೆಯುತ್ತದೆ. ಪೂಜೆ ಮಾಡುವವರೇ ಮರಕ್ಕೆ ಮಾಡುವ ಕೇಡು ಇದು.

ಕಡಿಯಬೇಕಾದರೆ ಯಾರನ್ನು ಕೇಳಬೇಕು?

ಮರ ಸೊಸೈಟಿಯ ಕಾಂಪೌಂಡಿನಲ್ಲೇ ಇದ್ದರೂ ಮನಸ್ಸಿಗೆ ಬಂದಾಗ ಕಡಿಯುವ ಹಾಗಿಲ್ಲ. ಮಹಾರಾಷ್ಟ್ರದ ನಗರಗಳಿಗೆ 1975ರಿಂದ ಮರ ಸಂರಕ್ಷಣೆಯ ಪ್ರತ್ಯೇಕ ಕಾಯ್ದೆ ಇದೆ. ಅದರಂತೆ ಮಹಾನಗರಪಾಲಿಕೆಯಲ್ಲಿ ವೃಕ್ಷ ಪ್ರಾಧಿಕಾರ ಅಂತ ಒಂದು ಮಂಡಳಿ ಇರುತ್ತದೆ. ಅರ್ಜಿ ಕೊಡಬೇಕಾದ್ದು ವಾರ್ಡ್ ಆಫೀಸಿನ ಉದ್ಯಾನ ವಿಭಾಗಕ್ಕೆ. ಅವರು ಬಂದು ನೋಡುತ್ತಾರೆ. ಮರ ಕಡಿಯುವ ಪ್ರಸ್ತಾಪ ಇದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಮರದ ಮೇಲೂ ನೋಟಿಸ್ ಅಂಟಿಸಬೇಕು. ರಸ್ತೆಯ ಮರಕ್ಕೆ ಕಾಗದ ಅಂಟಿಸಿದ್ದು ಕಂಡರೆ ನಿಂತು ಓದಿ. ಆಕ್ಷೇಪ ಇದ್ದರೆ ಬರೆದು ಕೊಡುವ ಹಕ್ಕು ನಿಮಗಿದೆ. ಅನುಮತಿ ಇಲ್ಲದೆ ಕಡಿದರೆ ದಂಡವೂ ಇದೆ, ಜೈಲೂ ಇದೆ.

2021ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. 50 ವರ್ಷ ದಾಟಿದ ಮರವನ್ನು ಪಾರಂಪರಿಕ ಮರ ಅಂತ ಪರಿಗಣಿಸುತ್ತಾರೆ. ಕಡಿಯಲೇಬೇಕಾಗಿ ಬಂದರೆ ಮರದ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕು ಅನ್ನುವ ಲೆಕ್ಕವೂ ಬಂತು. ಕೊಂಬೆ ಸವರಲಿಕ್ಕೂ ಒಪ್ಪಿಗೆ ಬೇಕು ಅನ್ನೋದನ್ನು ಸೊಸೈಟಿಯ ಕಾರ್ಯದರ್ಶಿಗಳು ಮರೆಯದಿದ್ದರೆ ಒಳ್ಳೆಯದು. ಮರ ಬಿದ್ದಿದ್ದರೆ, ಬೀಳುವ ಹಾಗಿದ್ದರೆ ಪಾಲಿಕೆಯ ಸಹಾಯವಾಣಿ 1916ಕ್ಕೆ ಫೋನ್ ಮಾಡಬಹುದು.

ನೆರಳು, ನೂಲು, ಷೇರು

ಆಲ ನಮ್ಮ ರಾಷ್ಟ್ರೀಯ ಮರ. ಮುಂಬೈಗೆ ಅದರ ಜತೆ ಇನ್ನೂ ಒಂದು ನಂಟಿದೆ. 1850ರ ದಶಕದಲ್ಲಿ ಷೇರು ದಲ್ಲಾಳಿಗಳು ಟೌನ್ ಹಾಲ್ ಎದುರಿನ ಆಲದ ನೆರಳಿನಲ್ಲಿ ಸೇರಿ ವ್ಯಾಪಾರ ಮಾಡುತ್ತಿದ್ದರು. ಈಗ ಹಾರ್ನಿಮನ್ ಸರ್ಕಲ್ ಇರುವ ಜಾಗ ಅದು. ಅವರೇ ಮುಂದೆ 1875ರಲ್ಲಿ ಸಂಘ ಕಟ್ಟಿಕೊಂಡರು, ಅದೇ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್ ಆಯಿತು. ದಲಾಲ್ ಸ್ಟ್ರೀಟಿಗಿಂತ ಮುಂಚೆ ಮರದ ಬುಡವೇ ಮಾರುಕಟ್ಟೆ.

ಜ್ಯೇಷ್ಠ ಹುಣ್ಣಿಮೆಯ ದಿನ ಮರಾಠಿ ಹೆಂಗಸರು ವಟಪೂರ್ಣಿಮೆ ಮಾಡುತ್ತಾರೆ, ಆಲಕ್ಕೆ ನೂಲು ಸುತ್ತುತ್ತಾರೆ. ಅದೇ ದಿನ ಉತ್ತರ ಕರ್ನಾಟಕದವರಿಗೆ ಕಾರಹುಣ್ಣಿಮೆ. ಹತ್ತಿರದಲ್ಲಿ ಮರ ಇಲ್ಲದವರಿಗಾಗಿ ದಾದರ್ ಮಾರ್ಕೆಟ್ಟಿನಲ್ಲಿ ಆಲದ ಕೊಂಬೆ ಮಾರುತ್ತಾರೆ. ಗಂಡನ ಆಯುಸ್ಸನ್ನು ಬೇಡುವ ಹಬ್ಬಕ್ಕೆ ಮರದ ಕೊಂಬೆ ಕಡಿಯುವುದು ಸರಿಯಾ ಅಂತ ಪ್ರತಿವರ್ಷ ಚರ್ಚೆ ಆಗುತ್ತದೆ. ಈಗ ಕುಂಡದ ಸಸಿಗೆ ನೂಲು ಸುತ್ತುವವರೂ ಇದ್ದಾರೆ.

ಅತ್ತಿಯದ್ದು ದತ್ತಾತ್ರೇಯನ ಮರ್ಯಾದೆ. ಕಲಬುರಗಿ ಕಡೆಯ ಗಾಣಗಾಪುರಕ್ಕೆ, ಕೊಲ್ಹಾಪುರ ಕಡೆಯ ನರಸೋಬವಾಡಿಗೆ ಹೋಗಿ ಬಂದವರು ಔದುಂಬರಕ್ಕೆ ಕೊಡಲಿ ಹಾಕಲು ಒಪ್ಪುವುದೇ ಇಲ್ಲ. ಬೌದ್ಧರಿಗೆ ಅರಳಿ ಬೋಧಿವೃಕ್ಷ. ಊರಿನಲ್ಲಿ ಇಷ್ಟೊಂದು ಹಳೆ ಫೈಕಸ್ ಉಳಿದಿರುವುದರ ಹಿಂದೆ ಕಾಯ್ದೆಯ ಜತೆಗೆ ಈ ಅಂಜಿಕೆಯ ಪಾಲೂ ಇದೆ.

ಅರಳಿ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಅನ್ನುವ ವಾಟ್ಸಾಪ್ ಮಾತಿಗೆ ಮಾತ್ರ ಆಧಾರ ಇಲ್ಲ. ಎಲೆ ಆಮ್ಲಜನಕ ಬಿಡಬೇಕಾದರೆ ಬೆಳಕು ಬೇಕೇ ಬೇಕು.

ಮನೆಯೊಳಗಿನ ಫೈಕಸ್

ಮೇಘಾಲಯದಲ್ಲಿ ಖಾಸಿ, ಜೈಂತಿಯಾ ಜನ ಹೊಳೆಯ ಮೇಲೆ ಜೀವಂತ ಬೇರಿನ ಸೇತುವೆ ಕಟ್ಟುತ್ತಾರೆ. ಎಳೆಯ ಬೇರನ್ನು ಆಚೆ ದಡಕ್ಕೆ ಹಾಯಿಸಿ, ಹೆಣೆದು, ವರ್ಷಗಟ್ಟಲೆ ಕಾಯುತ್ತಾರೆ. ಆ ಮರ ಬೇರೆ ಯಾವುದೂ ಅಲ್ಲ, ನಮ್ಮ ಟಿವಿ ಪಕ್ಕದ ರಬ್ಬರ್ ಗಿಡ. ಈಗಿನ ರಬ್ಬರ್ ತೋಟಗಳು ಬರುವ ಮುಂಚೆ ಅಸ್ಸಾಮಿನಲ್ಲಿ ಇದರ ಹಾಲಿನಿಂದಲೇ ರಬ್ಬರ್ ಮಾಡುತ್ತಿದ್ದರು. ಹತ್ತು ಇಂಚಿನ ಕುಂಡದಲ್ಲಿ ಇಟ್ಟಾಗ ಗಿಡ ತನ್ನ ಸ್ವಭಾವ ಬಿಟ್ಟುಬಿಡುವುದಿಲ್ಲ, ಅದುಮಿಕೊಂಡಿರುತ್ತದೆ ಅಷ್ಟೇ.

ಬೆಳಕು ಇದಕ್ಕೆ ಮೊದಲ ಅಗತ್ಯ. ಮುಂಬೈ ಫ್ಲ್ಯಾಟಿನ ಹಾಲ್‌ನಲ್ಲಿ ಕಿಟಕಿಯಿಂದ ಎರಡು ಹೆಜ್ಜೆ ಒಳಗೆ ಬಂದರೆ ಬೆಳಕು ತುಂಬ ಇಳಿದುಹೋಗುತ್ತದೆ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ರಬ್ಬರ್ ಗಿಡ ಸ್ವಲ್ಪ ತಾಳಿಕೊಳ್ಳುತ್ತದೆ. ಬೆಂಜಮಿನಾ, ಫಿಡಲ್ ಲೀಫ್ ತಾಳುವುದಿಲ್ಲ. ಕಿಟಕಿ ಪಕ್ಕವೇ ಇಡಿ. ಬೆಂಜಮಿನಾಗೆ ಜಾಗ ಬದಲಿಸಿದರೂ ಸಿಟ್ಟು. ನರ್ಸರಿಯಿಂದ ತಂದ ವಾರದಲ್ಲೇ ರಾಶಿ ಎಲೆ ಉದುರಿಸುತ್ತದೆ. ಸತ್ತಿತು ಅಂತ ಗಾಬರಿಯಾಗಿ ಜಾಸ್ತಿ ನೀರು ಹಾಕಿದರೆ ಆಗ ನಿಜವಾಗಿ ಸಾಯುತ್ತದೆ. ಜಾಗ ಬದಲಿಸದೆ ಬಿಟ್ಟರೆ ಮತ್ತೆ ಚಿಗುರುತ್ತದೆ. ಏಸಿಯ ಗಾಳಿ ನೇರ ಬೀಳದ ಹಾಗೆ ನೋಡಿಕೊಳ್ಳಿ.

ನೀರಿಗೆ ವಾರದ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ. ಒಣಗಿದ್ದರೆ ಹಾಕಿ, ತೇವ ಇದ್ದರೆ ಬೇಡ. ಜುಲೈ, ಆಗಸ್ಟಿನಲ್ಲಿ ಇಲ್ಲಿಯ ಗಾಳಿಯೇ ಒದ್ದೆ, ಆಗ ಕೊಳೆತು ಸಾಯುವ ಕುಂಡಗಳೇ ಜಾಸ್ತಿ. ಎಲೆಯ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಹಚ್ಚಬೇಡಿ. ಕೆಲವರಿಗೆ ಇದರ ಹಾಲು ತಾಗಿದರೆ ಚರ್ಮ ಉರಿಯುತ್ತದೆ. ಲೇಟೆಕ್ಸ್ ಅಲರ್ಜಿ ಇರುವವರಿಗೆ ಬೆಂಜಮಿನಾದಿಂದ ಸೀನು, ಉಬ್ಬಸ ಬರುವುದೂ ಉಂಟು. ಬೆಕ್ಕು, ನಾಯಿ ಎಲೆ ಕಚ್ಚದ ಕಡೆ ಇಡಿ.

ಗಾಳಿ ಶುದ್ಧ ಮಾಡುವ ಗಿಡ ಅಂತ ಬೋರ್ಡ್ ಹಾಕಿ ಮಾರುತ್ತಾರಲ್ಲ, ಆ ಮಾತು ಹುಟ್ಟಿದ್ದು 1989ರ ನಾಸಾ ಅಧ್ಯಯನದಿಂದ. ಅಲ್ಲಿ ಗಿಡವನ್ನು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಇಟ್ಟು ಪರೀಕ್ಷೆ ಮಾಡಿದ್ದರು. ಇಂಥ ಹತ್ತಾರು ಅಧ್ಯಯನಗಳನ್ನು 2019ರಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದಾಗ, ಕಿಟಕಿ ತೆರೆದಷ್ಟು ಪ್ರಯೋಜನ ಆಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕು ಅಂತ ಬಂತು. ಕುಂಡ ಇಡಿ, ಚೆಂದಕ್ಕೆ ಇಡಿ. ಗಾಳಿಗೆ ಕಿಟಕಿ ತೆಗೆಯಿರಿ.

ಗಿಡ ಸೀಲಿಂಗ್ ಮುಟ್ಟಿದ ಮೇಲೆ ಏನು ಮಾಡುವುದು? ಮುಂಬೈಯ ಸೊಸೈಟಿಗಳಲ್ಲಿ ಇದಕ್ಕೆ ಒಂದೇ ಉತ್ತರ ಇತ್ತು, ಕೆಳಗೆ ಕಾಂಪೌಂಡ್ ಗೋಡೆ ಪಕ್ಕ ನೆಟ್ಟುಬಿಡುವುದು. ಆ ಗೋಡೆಗಳು ಈಗ ಉಬ್ಬಿವೆ, ಡ್ರೈನೇಜ್ ಪೈಪಿನೊಳಗೆ ಬೇರು ತುಂಬಿದೆ. ಗೋಡೆ, ಪೈಪು, ನೆಲದಡಿಯ ನೀರಿನ ಟ್ಯಾಂಕು ಇರುವ ಕಡೆ ಯಾವ ಫೈಕಸ್ಸನ್ನೂ ಇಳಿಸಬೇಡಿ. ದೊಡ್ಡ ಮೈದಾನ, ಕೆರೆ ದಂಡೆ, ಊರಿನ ತೋಟ ಇದ್ದರೆ ಸರಿ. ಇಲ್ಲದಿದ್ದರೆ ಕುಂಡದಲ್ಲೇ ಹದ್ದುಬಸ್ತಿನಲ್ಲಿ ಇಡಬಹುದು. ಎರಡು ಮೂರು ವರ್ಷಕ್ಕೊಮ್ಮೆ ಮಳೆಗಾಲದ ಶುರುವಿನಲ್ಲಿ ಗಿಡ ಎತ್ತಿ, ಸುತ್ತಿಕೊಂಡ ಬೇರಿನ ಕಾಲು ಭಾಗ ಕತ್ತರಿಸಿ, ಹೊಸ ಮಣ್ಣು ಹಾಕಿ ಅದೇ ಕುಂಡಕ್ಕೆ ಇಳಿಸಿ. ತುದಿಯನ್ನು ಬಿಸಾಡಬೇಕಾಗಿಲ್ಲ. ಬೇಕಾದ ಎತ್ತರದಲ್ಲಿ ಕಾಂಡದ ಸುತ್ತ ಒಂದು ಇಂಚು ತೊಗಟೆ ಸುಲಿದು, ಒದ್ದೆ ತೆಂಗಿನ ನಾರಿನ ಪುಡಿ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿಯಾಗಿ ಕಟ್ಟಿ. ಗೂಟಿ ಕಟ್ಟುವುದು ಅಂತ ಊರಲ್ಲಿ ಹೇಳುತ್ತಾರೆ. ಒಂದೂವರೆ ಎರಡು ತಿಂಗಳಲ್ಲಿ ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಕಾಣುತ್ತದೆ. ಅದರ ಕೆಳಗೆ ಕತ್ತರಿಸಿ ಬೇರೆ ಕುಂಡಕ್ಕೆ ನೆಡಿ. ಕೆಳಗೆ ಉಳಿದ ಮೋಟು ಕಾಂಡವೂ ಬದಿಯಿಂದ ಚಿಗುರುತ್ತದೆ, ಕಿಟಕಿ ಬೆಳಕು ಇದ್ದರೆ.